ಎಂಜಿನ್ ಬೆಚ್ಚಗೆ, ಗೇರ್ ಬಾಕ್ಸ್ ತಣ್ಣಗೆ: ಒಂದು ಚಳಿ ಬೆಳಗಿನ ಪ್ರಕರಣ ಅಧ್ಯಯನ

ಕಾರು ನಮ್ಮ ಗ್ಯಾರೇಜಿಗೆ ಬಂದದ್ದು ಲಾರಿಯ ಬೆನ್ನ ಮೇಲೆ. ಬೆಳಗ್ಗೆ ಒಂಬತ್ತೂವರೆ ಗಂಟೆ. ಹೊರಗೆ ಸೊನ್ನೆಗಿಂತ 22 ಡಿಗ್ರಿ ಕೆಳಗೆ. ಮುಂದಿನ ಬಂಪರ್‌ನಿಂದ ಕಿತ್ತುಬಂದ ವೈರೊಂದು ನೇತಾಡುತ್ತಿತ್ತು. ಬಲಗಡೆ ಚಕ್ರದ ಒಳಬದಿಯಲ್ಲಿ ಕೆಂಪು-ಕಂದು ಬಣ್ಣದ ಆಯಿಲ್ ಇಳಿದು ಗೋಂದಿನ ಹಾಗೆ ಅಂಟಿಕೊಂಡಿತ್ತು.

ಓಡಿಸುತ್ತಿದ್ದವರು ಇಪ್ಪತ್ತು ವರ್ಷ ಗೇರ್ ಗಾಡಿ ಓಡಿಸಿದ ಹೆಣ್ಣುಮಗಳು. ಕೈ ಪಳಗಿದ ಡ್ರೈವರ್. ಆದರೆ ಆಟೋಮ್ಯಾಟಿಕ್ ಅವರಿಗೆ ಹೊಸದು, ಇಷ್ಟು ಚಳಿಯೂ ಹೊಸದು. ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡು ಮೂರು ತಿಂಗಳಾಗಿತ್ತಷ್ಟೇ. ಪೆಟ್ರೋಲ್ ಗಾಡಿ, ಆರು ಗೇರಿನ ಆಟೋಮ್ಯಾಟಿಕ್, ಹತ್ತು ವರ್ಷ ಹಳೆಯದು. ನಿಂತ ಗಾಡಿಯ ಎಂಜಿನ್ನನ್ನು ಚಳಿಯಲ್ಲಿ ಮನೆಯ ಕರೆಂಟಿನಿಂದ ಬೆಚ್ಚಗಿಡುವ ಎಂಜಿನ್ ಹೀಟರನ್ನು ಹಿಂದಿನ ಮಾಲೀಕರೇ ಹಾಕಿಸಿದ್ದರು.

ಬಂದವರು ಕೇಳಿದ ಮೊದಲ ಮಾತು ಇದು: "ಅಣ್ಣಾ, ರಾತ್ರಿಯಿಡೀ ಹೀಟರ್ ಹಾಕಿಟ್ಟಿದ್ದೆ. ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತು. ಆಮೇಲೆ ಗಾಡಿಗೆ ಹುಚ್ಚು ಹಿಡಿದ ಹಾಗಾಯ್ತು. ಹೀಟರ್ ಜಾಸ್ತಿ ಹೊತ್ತು ಹಾಕಿದ್ದಕ್ಕೆ ಗೇರ್ ಬಾಕ್ಸ್ ಸುಟ್ಟುಹೋಯ್ತಾ?"

ಇದನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿದ್ದು ಆ ಪ್ರಶ್ನೆಯಿಂದಲೇ. ಹೀಟರ್ ಗೇರ್ ಬಾಕ್ಸನ್ನು ಸುಟ್ಟಿರಲಿಲ್ಲ. ಅದರ ಬಿಸಿ ಗೇರ್ ಬಾಕ್ಸಿನ ತನಕ ಹೋಗೇ ಇರಲಿಲ್ಲ. ಹೋಗುತ್ತದೆ ಅಂತ ಅವರು ನಂಬಿದ್ದರು. ತುಂಬಾ ಜನ ಹಾಗೇ ನಂಬಿರುತ್ತಾರೆ.

ಆ ಬೆಳಗ್ಗೆ ಆದದ್ದು

ಅವರನ್ನು ಕೂರಿಸಿಕೊಂಡು ಹಿಂದಿನ ರಾತ್ರಿಯಿಂದ ಒಂದೊಂದಾಗಿ ಕೇಳಿದೆ. ತಪ್ಪು ಹುಡುಕುವುದಕ್ಕಲ್ಲ. ಗಾಡಿ ಹೇಳದೇ ಇರುವುದನ್ನು ಡ್ರೈವರ್ ಹೇಳುತ್ತಾರೆ. ಅರ್ಧ ರಿಪೇರಿ ಅಲ್ಲೇ ಮುಗಿಯುತ್ತದೆ.

ಮನೆ ಮುಂದಿನ ಜಾಗ ಸ್ವಲ್ಪ ಇಳಿಜಾರು. ಕಾರಿನ ಮುಖ ಮನೆ ಕಡೆಗೆ, ಅಂದರೆ ಮೇಲಕ್ಕೆ. ಹಿಂಭಾಗ ರಸ್ತೆ ಕಡೆಗೆ. ರಾತ್ರಿ ಒಂಬತ್ತಕ್ಕೆ ನಿಲ್ಲಿಸಿ, ಗೇರ್ ಲಿವರನ್ನು ಪಿಗೆ, ಅಂದರೆ ಪಾರ್ಕಿಂಗಿಗೆ ಹಾಕಿ ಇಳಿದರು. ಹ್ಯಾಂಡ್ ಬ್ರೇಕ್ ಎಳೆಯಲಿಲ್ಲ. ಹಿಂದಿನ ವಾರ ಎಳೆದಿದ್ದಾಗ ಅದು ಹಿಮಕ್ಕೆ ಕಚ್ಚಿಕೊಂಡು ಬೆಳಗ್ಗೆ ಬಿಟ್ಟಿರಲಿಲ್ಲವಂತೆ. ಮನೆಯೊಳಗಿಂದ ಎಕ್ಸ್‌ಟೆನ್ಷನ್ ವೈರು ತಂದು ಹೀಟರಿಗೆ ಸಿಕ್ಕಿಸಿದರು. ಬೆಳಗ್ಗೆ ಏಳರವರೆಗೆ, ಹತ್ತು ಗಂಟೆ ಹೊತ್ತು ಹೀಟರ್ ಓಡಿತು.

ಬೆಳಗ್ಗೆ ಸೆಲ್ಫ್ ಹೊಡೆದ ತಕ್ಷಣ ಎಂಜಿನ್ ಎತ್ತಿಕೊಂಡಿತು. ಶಬ್ದವೂ ನಯವಾಗಿತ್ತು. ಗಾಜಿನ ಮೇಲಿನ ಹಿಮ ಕೆರೆದು, ಎರಡು ನಿಮಿಷ ಬಿಟ್ಟು ಒಳಗೆ ಕೂತರು. ಲಿವರ್ ಪಿಯಿಂದ ಸುಲಭಕ್ಕೆ ಬರಲಿಲ್ಲ. ಜೋರಾಗಿ ಎಳೆದಾಗ 'ಧಡ್' ಅಂತ ಬಿಟ್ಟುಕೊಂಡು ರಿವರ್ಸಿಗೆ, ಅಂದರೆ ಆರ್‌ಗೆ ಬಂತು. ಬ್ರೇಕ್ ಬಿಟ್ಟರು. ಗಾಡಿ ಅಲುಗಲಿಲ್ಲ, ಟೈರುಗಳು ಮಂಜುಗಡ್ಡೆಯ ಗುಳಿಯಲ್ಲಿ ಕೂತಿದ್ದವು. ಎರಡು ಸೆಕೆಂಡ್ ಕಾದು ರೇಸ್ ಕೊಟ್ಟರು. ಎಂಜಿನ್ ಸುಮ್ನೆ ಅರಚಿತು, ಎಳೆತ ಇಲ್ಲ. ಇನ್ನಷ್ಟು ರೇಸ್ ಕೊಟ್ಟರು. ಆಗ ಒಮ್ಮೆಗೇ ಗೇರ್ ಕಚ್ಚಿತು. ಕಾರು ಹಿಂದಕ್ಕೆ ಹಾರಿತು. ಗೋಡೆಗೆ ಸಿಕ್ಕಿಸಿದ್ದ ವೈರು ಬಿಗಿಯಾಗಿ, ಬಂಪರಿನ ಸಾಕೆಟ್ಟನ್ನು ಕಿತ್ತುಕೊಂಡು ಹೋಯಿತು.

ಗಾಬರಿಯಲ್ಲಿ ಬ್ರೇಕ್ ಒತ್ತಿದರು. ಗಾಡಿ ಜಾರಿತು. ಇನ್ನೂ ಹಿಂದಕ್ಕೆ ಉರುಳುತ್ತಿರುವಾಗಲೇ ಲಿವರನ್ನು ಮುಂದಕ್ಕೆ ಹೋಗುವ ಡಿಗೆ ಎಳೆದರು. ಮತ್ತೆ ಒಂದು ಹೊಡೆತ. ಅದೃಷ್ಟಕ್ಕೆ ಹಿಂದೆ ಯಾರೂ ಇರಲಿಲ್ಲ. ರಸ್ತೆಗೆ ಇಳಿದ ಮೇಲೆ ಗೇರ್ ಮೇಲಕ್ಕೆ ಬೀಳಲಿಲ್ಲ. ಎಂಜಿನ್ ನಿಮಿಷಕ್ಕೆ 3,000 ಸುತ್ತಿನಲ್ಲಿ ಕೂಗುತ್ತಿತ್ತು. ಒತ್ತಿದರೆ ಬೀಳಬಹುದು ಅಂತ ಇನ್ನೂ ಒತ್ತಿದರು. ಹತ್ತು ನಿಮಿಷದಲ್ಲಿ ಗೇರಿನ ವಾರ್ನಿಂಗ್ ಲೈಟ್ ಹತ್ತಿತು. ಗಾಡಿ ಒಂದೇ ಗೇರಿಗೆ ಸಿಕ್ಕಿಕೊಂಡಿತು. ಅಲ್ಲಿ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ ಫೋನ್ ಮಾಡಿದರು. ಅಷ್ಟು ಹೊತ್ತಿನಲ್ಲಿ ಅವರು ಮಾಡಿದ ಅತಿ ಒಳ್ಳೆಯ ಕೆಲಸ ಅದು.

ಲಾರಿಯ ಮೇಲೆ ಹತ್ತಿಸಿಯೇ ತನ್ನಿ ಅಂತ ನಾನೇ ಹೇಳಿದ್ದೆ. ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ಆಫ್ ಆಗಿರುವಾಗ ಹಗ್ಗ ಕಟ್ಟಿ ಎಳೆದರೆ ಚಕ್ರದ ಜೊತೆ ಒಳಗಿನ ಗೇರುಗಳು ತಿರುಗುತ್ತವೆ, ಆದರೆ ಅವಕ್ಕೆ ಆಯಿಲ್ ಸಿಗುವುದಿಲ್ಲ. ಚಿಕ್ಕ ತೊಂದರೆ ಇದ್ದ ಗೇರ್ ಬಾಕ್ಸ್ ಹಾಗೆ ಎಳೆದುಕೊಂಡು ಬರುವಷ್ಟರಲ್ಲಿ ಪೂರ್ತಿ ಹಾಳಾದದ್ದನ್ನು ನೋಡಿದ್ದೇನೆ.

ಹೀಟರ್ ಬಿಸಿ ಮಾಡುವುದು ಏನನ್ನು?

ಎಂಜಿನ್ ಬ್ಲಾಕ್ ಹೀಟರ್ ಅಂದರೆ ನೀರು ಕಾಯಿಸುವ ಕಾಯಿಲ್ ಇದ್ದ ಹಾಗೆ. ಸಾಮಾನ್ಯ ಕಾರುಗಳಲ್ಲಿ 400ರಿಂದ 1,000 ವ್ಯಾಟ್ ಒಳಗೆ ಇರುತ್ತದೆ. ಎಂಜಿನ್ ಬ್ಲಾಕಿನಲ್ಲಿ ಕೂಲಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ ಹರಿಯುವ ಜಾಗಕ್ಕೆ ತೂತು ಇರುತ್ತದೆ, ಅದರ ಮುಚ್ಚಳ ತೆಗೆದು ಅಲ್ಲಿಗೆ ಇದನ್ನು ಕೂರಿಸುತ್ತಾರೆ. ಕಾಯಿಲ್ ಕೂಲಂಟನ್ನು ಕಾಯಿಸುತ್ತದೆ. ಬಿಸಿಯಾದ ಕೂಲಂಟ್ ತಾನೇ ಮೇಲೇರಿ ಬ್ಲಾಕಿನೊಳಗೆ ನಿಧಾನಕ್ಕೆ ಓಡಾಡುತ್ತದೆ. ಅಷ್ಟೇ ಅದರ ಕೆಲಸ. ಈ ಯೋಚನೆ ಹಳೆಯದು. ಅಮೆರಿಕದ ನಾರ್ತ್ ಡಕೋಟಾದ ಆಂಡ್ರ್ಯೂ ಫ್ರೀಮನ್ ಎಂಜಿನ್ ಹೆಡ್ಡಿನ ಒಂದು ಬೋಲ್ಟಿನ ಜಾಗದಲ್ಲೇ ಕೂರುವ ಹೀಟರ್ ಮಾಡಿ 1949ರಲ್ಲಿ ಪೇಟೆಂಟ್ ಪಡೆದರು.

ಇದರ ಲಾಭ ದೊಡ್ಡದು, ಅದರಲ್ಲಿ ಅನುಮಾನ ಬೇಡ. ಅತಿ ಚಳಿಯಲ್ಲಿ ಬ್ಯಾಟರಿಯ ಶಕ್ತಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ದಪ್ಪವಾಗಿ ಎಂಜಿನ್ ತಿರುಗುವುದೇ ಕಷ್ಟವಾಗುತ್ತದೆ. ಡಬ್ಬದ ಮೇಲೆ 5ಡಬ್ಲ್ಯೂ-30 ಅಂತ ಇರುತ್ತದಲ್ಲ, ಅಲ್ಲಿ ಡಬ್ಲ್ಯೂ ಅಂದರೆ ಚಳಿಗಾಲ. ಅಂಥ ಆಯಿಲನ್ನು ಸೆಲ್ಫ್ ಹೊಡೆಯುವಾಗಿನ ದಪ್ಪಕ್ಕಾಗಿ ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷಿಸಿರುತ್ತಾರೆ. 0ಡಬ್ಲ್ಯೂ ಆದರೆ ಮೈನಸ್ 35ರಲ್ಲಿ. ಹೀಟರ್ ಹಾಕಿದರೆ ಬ್ಯಾಟರಿಯ ಮೇಲಿನ ಭಾರ ಇಳಿಯುತ್ತದೆ, ಮೊದಲ ಕೆಲವು ನಿಮಿಷದ ಸವೆತ ಕಡಿಮೆ, ಹೊಗೆ ಕಡಿಮೆ, ಕ್ಯಾಬಿನ್ ಬೇಗ ಬೆಚ್ಚಗಾಗುತ್ತದೆ.

ಆದರೆ ಗೇರ್ ಬಾಕ್ಸ್ ಎಂಜಿನ್ನಿನ ಪಕ್ಕದಲ್ಲಿ ಬೇರೆಯೇ ಪೆಟ್ಟಿಗೆ. ಅದರ ಆಯಿಲ್ ಬೇರೆ, ದಾರಿ ಬೇರೆ. ಕೆಲವು ಗಾಡಿಗಳಲ್ಲಿ ಕೂಲಂಟಿನ ಬಿಸಿಯನ್ನು ಗೇರ್ ಆಯಿಲಿಗೆ ದಾಟಿಸುವ ಏರ್ಪಾಡು ಇರುತ್ತದೆ. ಆದರೆ ಎಂಜಿನ್ ಓಡಿ ಪಂಪು ಕೂಲಂಟನ್ನು ತಳ್ಳಿದಾಗ ಮಾತ್ರ ಅದು ನಡೆಯುತ್ತದೆ. ನಿಂತ ಗಾಡಿಯಲ್ಲಿ ಹೀಟರಿನ ಬಿಸಿ ಅಲ್ಲಿಗೆ ಹೆಚ್ಚೇನೂ ಹೋಗುವುದಿಲ್ಲ.

ಇನ್ನೊಂದು ವಿಷಯ ಇದೆ. ನನಗೆ ಇದೇ ತುಂಬಾ ಮುಖ್ಯ ಅನ್ನಿಸುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಕಂಪ್ಯೂಟರ್ ಅದನ್ನು ಜೋರಾಗಿ ಓಡಿಸುತ್ತದೆ. ಆ ಕೂಗು ಕೇಳಿದಾಗ ಡ್ರೈವರಿಗೆ 'ಗಾಡಿ ಇನ್ನೂ ತಣ್ಣಗಿದೆ' ಅಂತ ಗೊತ್ತಾಗುತ್ತದೆ. ಆದರೆ ಕಂಪ್ಯೂಟರ್ ನೋಡುವುದು ಮುಖ್ಯವಾಗಿ ಕೂಲಂಟಿನ ಬಿಸಿಯನ್ನು. ಹೀಟರ್ ಹಾಕಿದ್ದರೆ ಕೂಲಂಟ್ ಬೆಚ್ಚಗಿರುತ್ತದೆ. ಹಾಗಾಗಿ ಎಂಜಿನ್ ಮೆತ್ತಗೆ ಓಡುತ್ತದೆ. ಎಚ್ಚರಿಸುವ ಆ ಕೂಗು ಇರುವುದಿಲ್ಲ. ಈ ಹೆಣ್ಣುಮಗಳಿಗೆ ಆದದ್ದೂ ಇದೇ. ಶಬ್ದ ಕೇಳಿ ಗಾಡಿ ರೆಡಿ ಅಂದುಕೊಂಡರು.

ತಣ್ಣಗಿನ ಆಟೋಮ್ಯಾಟಿಕ್ ಒಳಗೆ ನಡೆಯುವುದು

ಗೇರ್ ಗಾಡಿಯಲ್ಲಿ ಕಾಲು ಕ್ಲಚ್ ಒತ್ತುತ್ತದೆ, ಕೈ ಗೇರ್ ಹಾಕುತ್ತದೆ. ಆಟೋಮ್ಯಾಟಿಕ್‌ನಲ್ಲಿ ಆ ಎರಡೂ ಕೆಲಸ ಆಯಿಲ್ ಮಾಡುತ್ತದೆ. ಪಂಪು ತಳದ ಚಟ್ಟಿಯಿಂದ ಆಯಿಲನ್ನು ಫಿಲ್ಟರ್ ಮೂಲಕ ಎಳೆದು ಒತ್ತಡಕ್ಕೆ ತರುತ್ತದೆ. ಆ ಒತ್ತಡ ಸಣ್ಣ ಸಣ್ಣ ದಾರಿಗಳಲ್ಲಿ ಹೋಗಿ ಕ್ಲಚ್ ಪ್ಲೇಟುಗಳನ್ನು ಹಿಡಿದು ಒತ್ತುತ್ತದೆ. ಎಂಜಿನ್ನಿನ ಬಲ ಟಾರ್ಕ್ ಕನ್ವರ್ಟರ್ ದಾಟುವುದೂ ಆಯಿಲಿನಿಂದಲೇ. ಎದುರು ಬದುರು ಇರುವ ಎರಡು ಫ್ಯಾನುಗಳನ್ನು ನೆನೆಸಿಕೊಳ್ಳಿ. ಒಂದು ಆಯಿಲನ್ನು ಎಸೆಯುತ್ತದೆ, ಆ ಹೊಡೆತಕ್ಕೆ ಇನ್ನೊಂದು ತಿರುಗುತ್ತದೆ. ಅಂದರೆ ಗೇರ್ ಬಾಕ್ಸಿಗೆ ಕೈಯೂ ಆಯಿಲೇ, ಕಾಲೂ ಆಯಿಲೇ.

ಬಿಸಿಯಲ್ಲಿ ನೀರಿನ ಹಾಗೆ ಹರಿಯುವ ಈ ಆಯಿಲ್ ಕೊರೆಯುವ ಚಳಿಯಲ್ಲಿ ಹರಳೆಣ್ಣೆಗಿಂತ ಮಂದವಾಗುತ್ತದೆ. ಪಂಪಿಗೆ ಎಳೆಯಲು ಹೊತ್ತು ಹಿಡಿಯುತ್ತದೆ. ಕ್ಲಚ್ ತುಂಬಲು ಹೊತ್ತು ಹಿಡಿಯುತ್ತದೆ. ಲಿವರ್ ಹಾಕಿದ ಮೇಲೆ ಗೇರ್ ಕಚ್ಚುವುದಕ್ಕೆ ಒಂದೆರಡು ಸೆಕೆಂಡ್ ಹಿಡಿಯುವುದು ಇದರಿಂದಲೇ. ಆ ನಡುವೆ ರೇಸ್ ಕೊಟ್ಟರೆ ಎಂಜಿನ್ ಮೊದಲು ಖಾಲಿ ಸುತ್ತುತ್ತದೆ, ಆಮೇಲೆ ಸುತ್ತುತ್ತಿರುವ ಎಂಜಿನ್ನನ್ನು ಕ್ಲಚ್ ಒಮ್ಮೆಗೇ ಹಿಡಿಯಬೇಕಾಗುತ್ತದೆ. ಕಾರು ಹಾರಿದ್ದು ಹಾಗೆ.

ರಸ್ತೆಯಲ್ಲಿ ಗೇರ್ ಮೇಲಕ್ಕೆ ಬೀಳದೇ ಇದ್ದದ್ದಕ್ಕೆ ಅವರು ತುಂಬಾ ಹೆದರಿದ್ದರು. ಅದು ಮಾತ್ರ ಅರ್ಧಕ್ಕರ್ಧ ಸರಿಯಾದ ನಡವಳಿಕೆಯೇ. ಗೇರ್ ಬಾಕ್ಸಿನೊಳಗೆ ಆಯಿಲಿನ ಬಿಸಿ ಅಳೆಯುವ ಸೆನ್ಸರ್ ಇದೆ. ಆಯಿಲ್ ತಣ್ಣಗಿದ್ದರೆ ಕಂಪ್ಯೂಟರ್ ಬೇಕೆಂದೇ ಗೇರನ್ನು ತಡವಾಗಿ ಬದಲಿಸುತ್ತದೆ. ಮೇಲಿನ ಗೇರುಗಳನ್ನು, ಕನ್ವರ್ಟರಿನ ಎರಡು ಫ್ಯಾನುಗಳನ್ನು ಒಟ್ಟಿಗೆ ಬಿಗಿಯುವ ಲಾಕನ್ನು ತಡೆಹಿಡಿಯುತ್ತದೆ. ಆಯಿಲ್ ಬೇಗ ಬಿಸಿಯಾಗಲಿ ಅಂತ ಇದು. ಆಗ ಕಾಲು ಹಗುರ ಮಾಡಬೇಕು, ಒತ್ತಬಾರದು. ಆಕ್ಸಿಲರೇಟರ್ ಒತ್ತಿದಷ್ಟೂ ಗೇರ್ ಬದಲಾಗುವುದು ಇನ್ನೂ ಮುಂದಕ್ಕೆ ಹೋಗುತ್ತದೆ. ಇಪ್ಪತ್ತು ವರ್ಷ ಕೈಯಲ್ಲಿ ಗೇರ್ ಹಾಕಿದವರಿಗೆ ಇದು ಹೊಳೆಯುವುದು ಕಷ್ಟ, ಅಲ್ವಾ?

ಗ್ಯಾರೇಜಿನಲ್ಲಿ ಕಂಡದ್ದು

ಚಳಿಯೊಂದೇ ಕಾರಣ ಆಗಿದ್ದರೆ ವಾರ್ನಿಂಗ್ ಲೈಟ್ ಹತ್ತಬಾರದಿತ್ತು. ಆಯಿಲೂ ಸೋರಬಾರದಿತ್ತು. ನನ್ನ ಮೊದಲ ಊಹೆ ಫಿಲ್ಟರ್ ಕಟ್ಟಿದೆ ಅನ್ನುವುದು. ಅದು ತಪ್ಪಾಗಿತ್ತು.

ಸ್ಕ್ಯಾನರ್ ಹಾಕಿದಾಗ ಗೇರ್ ಅನುಪಾತ ತಪ್ಪಿದೆ ಅನ್ನುವ ಒಂದು ಕೋಡ್ ಸಿಕ್ಕಿತು. ಒಳಗೆ ಬರುವ ಶಾಫ್ಟಿನ ವೇಗ ಮತ್ತು ಹೊರಗೆ ಹೋಗುವ ಶಾಫ್ಟಿನ ವೇಗವನ್ನು ಕಂಪ್ಯೂಟರ್ ಸದಾ ಹೋಲಿಸುತ್ತಿರುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ಆಗ ಗಾಡಿಯನ್ನು ಒಂದೇ ಗೇರಿಗೆ ಕಟ್ಟಿಹಾಕುತ್ತದೆ. ಜಾರಿದ್ದು ಯಾಕೆ ಅಂತ ತಿಳಿಯಬೇಕಾದರೆ ಆಯಿಲ್ ಮಟ್ಟ ನೋಡಬೇಕು. ಈ ಗೇರ್ ಬಾಕ್ಸಿಗೆ ಆಯಿಲ್ ಅಳೆಯುವ ಕಡ್ಡಿ (ಡಿಪ್ ಸ್ಟಿಕ್) ಇಲ್ಲ. ಎಂಜಿನ್ ಓಡುತ್ತಿರುವಾಗ, ಆಯಿಲ್ ತಯಾರಕರು ಹೇಳಿದ ಬಿಸಿಗೆ ಬಂದ ಮೇಲೆ, ಪಕ್ಕದ ಬೋಲ್ಟ್ ಬಿಚ್ಚಿ ನೋಡಬೇಕು. ಈ ಗಾಡಿಗೆ ಅದು 35ರಿಂದ 45 ಡಿಗ್ರಿ. ಕೊರೆಯುವ ಚಳಿಯಲ್ಲಿ ಆಯಿಲ್ ಕುಗ್ಗಿರುತ್ತದೆ. ಹೊರಗೇ ನೋಡಿ ತುಂಬಿಸಿದರೆ, ಬಿಸಿಯಾದಾಗ ಜಾಸ್ತಿಯಾಗಿ ನೊರೆ ಏಳುತ್ತದೆ. ಅದಕ್ಕೇ ಕಾರನ್ನು ಒಳಗೆ ಅರ್ಧ ದಿನ ಸುಮ್ಮನೆ ನಿಲ್ಲಿಸಿದೆವು. ಗ್ರಾಹಕರಿಗೆ ಇದು ಸೋಮಾರಿತನ ಅನ್ನಿಸಬಹುದು. ಆದರೆ ಅವಸರ ಮಾಡಿದ್ದರೆ ನಾವು ತಪ್ಪು ಲೆಕ್ಕ ಹೇಳುತ್ತಿದ್ದೆವು.

ಮಧ್ಯಾಹ್ನ ಬೋಲ್ಟ್ ಬಿಚ್ಚಿದಾಗ ಒಂದು ತೊಟ್ಟೂ ಬರಲಿಲ್ಲ. ಸುಮಾರು ಒಂದು ಲೀಟರ್ ಕಡಿಮೆ. ಬಲಗಡೆ ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟ್ ಗೇರ್ ಬಾಕ್ಸಿನಿಂದ ಹೊರಬರುವ ಕಡೆ ಆಯಿಲ್ ಸೀಲ್ ಗಟ್ಟಿಯಾಗಿತ್ತು. ಸುತ್ತ ಹಳೆಯ ಧೂಳು ಹಿಡಿದ ಜಿಡ್ಡು. ಇದು ತಿಂಗಳುಗಟ್ಟಲೆ ಜಿನುಗಿದ ಗುರುತು. ಚಳಿಗೆ ರಬ್ಬರ್ ಇನ್ನೂ ಬಿರುಸಾಗಿ ಶಾಫ್ಟನ್ನು ಹಿಡಿದುಕೊಳ್ಳುವುದು ಬಿಟ್ಟಿತ್ತು. ಆ ಬೆಳಗಿನ ಎರಡು ಹೊಡೆತಕ್ಕೆ ಜಿನುಗು ಸೋರಿಕೆಯಾಯಿತು.

ಚಿತ್ರ ಈಗ ಪೂರ್ತಿಯಾಯಿತು. ಆಯಿಲ್ ಮೊದಲೇ ಕಡಿಮೆ ಇತ್ತು. ಚಳಿಗೆ ಕುಗ್ಗಿ ಇನ್ನೂ ಕೆಳಗಿಳಿಯಿತು. ಇದ್ದದ್ದೂ ಮಂದ. ಪಂಪು ಆಯಿಲಿನ ಜೊತೆ ಗಾಳಿಯನ್ನೂ ಎಳೆಯಿತು. ಗಾಳಿ ಸೇರಿದ ಆಯಿಲಿಗೆ ಒತ್ತುವ ಶಕ್ತಿ ಇಲ್ಲ. ಹಿಂದಿನ ವಾರಗಳಲ್ಲಿ ಚಳಿ ಕಡಿಮೆ ಇದ್ದಾಗ ಗಾಡಿ ಹೇಗೋ ನಡೆಯುತ್ತಿತ್ತು. "ರಿವರ್ಸ್ ಸ್ವಲ್ಪ ಲೇಟಾಗಿ ಬೀಳ್ತಿತ್ತು, ಆಟೋಮ್ಯಾಟಿಕ್ ಅಂದ್ರೆ ಹಾಗೇ ಇರಬೇಕು ಅಂದ್ಕೊಂಡೆ" ಅಂತ ಅವರು ಆಗ ಹೇಳಿದರು. ಗೇರ್ ಬಾಕ್ಸ್ ಮುಂಚೆಯೇ ಸೂಚನೆ ಕೊಟ್ಟಿತ್ತು. ಬೆಚ್ಚಗಿನ ದಿನದಲ್ಲೂ ಗೇರ್ ತಡವಾಗಿ ಕಚ್ಚಿದರೆ ಅದನ್ನು ಚಳಿಯ ಮೇಲೆ ಹಾಕಬೇಡಿ. ಆಯಿಲ್ ಮಟ್ಟ ನೋಡಿಸಿ.

ತಳದ ಚಟ್ಟಿ ಬಿಚ್ಚುವಾಗ ನನಗೇ ಎದೆ ಹೊಡೆದುಕೊಳ್ಳುತ್ತಿತ್ತು. ಒಳಗಿನ ಮ್ಯಾಗ್ನೆಟ್ಟಿನ ಮೇಲೆ ತೆಳುವಾದ ಬೂದು ಪೇಸ್ಟ್ ಮಾತ್ರ ಇತ್ತು. ಅದು ಮಾಮೂಲು ಸವೆತ. ಕ್ಲಚ್ ಪುಡಿ ಇಲ್ಲ, ಲೋಹದ ಚೂರಿಲ್ಲ, ಆಯಿಲಿಗೆ ಸುಟ್ಟ ವಾಸನೆ ಇಲ್ಲ. ಲೈಟ್ ಹತ್ತಿದ ಕೂಡಲೇ ಅವರು ನಿಲ್ಲಿಸಿದ್ದು ಗೇರ್ ಬಾಕ್ಸನ್ನು ಉಳಿಸಿತ್ತು. ಸೀಲ್ ಬದಲಿಸಿದೆವು, ಫಿಲ್ಟರ್ ಬದಲಿಸಿದೆವು, ತಯಾರಕರು ಹೇಳಿದ ನಮೂನೆಯದೇ ಹೊಸ ಆಯಿಲ್ ತುಂಬಿಸಿದೆವು. ಸಿಕ್ಕ ಆಯಿಲ್ ಹಾಕುವ ಜಾಗ ಅಲ್ಲ ಅದು.

ವೈರಿನ ಕಥೆ

ಗೇರ್ ಬಾಕ್ಸ್ ನೋಡಿ ನೆಮ್ಮದಿಯಾಯಿತು. ವೈರು ನೋಡಿ ಭಯವಾಯಿತು.

ಅವರು ಮರುದಿನ ಎಕ್ಸ್‌ಟೆನ್ಷನ್ ವೈರು ತಂದುಕೊಟ್ಟರು. ಮನೆಯೊಳಗೆ ಬಳಸುವ ತೆಳು ವೈರು. ಚಳಿಗೆ ಪ್ಲಾಸ್ಟಿಕ್ ಹೊದಿಕೆ ಬಿರುಸಾಗಿ ಎರಡು ಕಡೆ ಸೀಳಿತ್ತು. ಒಂದು ಪಿನ್ನಿನ ಬುಡ ಕಂದು ಬಣ್ಣಕ್ಕೆ ತಿರುಗಿತ್ತು. ಸಾಕೆಟ್ ಸಡಿಲವಾಗಿ ಅಲ್ಲೇ ಕಾದ ಗುರುತು ಅದು. ಎಲ್ಲಕ್ಕಿಂತ ಕೆಟ್ಟದ್ದು, ಅರ್ಥ್ ಪಿನ್ನೇ ಇರಲಿಲ್ಲ. ಯಾರೋ ಯಾವತ್ತೋ ಮುರಿದಿದ್ದರು.

ಇದರ ಅಪಾಯ ಸ್ವಲ್ಪ ಬಿಡಿಸಿ ಹೇಳಬೇಕು. ಹೀಟರಿನ ಕಾಯಿಲ್ ಕೂಲಂಟಿನೊಳಗೆ ಮುಳುಗಿರುತ್ತದೆ. ಅದರ ಹೊದಿಕೆ ಒಡೆದರೆ ಕರೆಂಟ್ ಕೂಲಂಟಿಗೆ, ಎಂಜಿನ್ನಿಗೆ, ಕಾರಿನ ಲೋಹದ ಮೈಗೆಲ್ಲ ಬರುತ್ತದೆ. ಕಾರು ನಿಂತಿರುವುದು ರಬ್ಬರ್ ಟೈರಿನ ಮೇಲೆ. ಅರ್ಥ್ ವೈರು ಇಲ್ಲದಿದ್ದರೆ ಆ ಕರೆಂಟಿಗೆ ಹೋಗಲು ದಾರಿ ಇರುವುದಿಲ್ಲ. ಒದ್ದೆ ಹಿಮದ ಮೇಲೆ ನಿಂತು ಬಾಗಿಲಿನ ಹಿಡಿಕೆಗೆ ಕೈ ಹಾಕಿದವರೇ ಆ ದಾರಿ ಆಗುತ್ತಾರೆ. ಕಾರಿನ ಪಕ್ಕದಲ್ಲಿ ಮಕ್ಕಳೂ ಓಡಾಡುತ್ತಿರುತ್ತಾರೆ. ಮೂರು ಪಿನ್ನಿನ ಪ್ಲಗ್ ಮತ್ತು ಸೋರಿಕೆ ಕಂಡ ಕೂಡಲೇ ಕರೆಂಟ್ ಕಡಿಯುವ ಸ್ವಿಚ್, ಈ ಎರಡೂ ಇಲ್ಲದ ಪಾಯಿಂಟಿಗೆ ಹೀಟರ್ ಸಿಕ್ಕಿಸಲೇಬೇಡಿ. ಸ್ವಿಚ್ ಮತ್ತೆ ಮತ್ತೆ ಟ್ರಿಪ್ ಆದರೆ ಹೀಟರೋ ವೈರೋ ಕೆಟ್ಟಿದೆ ಅಂತ ತಿಳಿಯಿರಿ. ಬೇರೆ ಪಾಯಿಂಟ್ ಹುಡುಕಲು ಹೋಗಬೇಡಿ.

ಈ ಹೀಟರ್ 600 ವ್ಯಾಟಿನದು. 230 ವೋಲ್ಟ್ ಇರುವ ಕಡೆ 2.6 ಆಂಪಿಯರ್ ಎಳೆಯುತ್ತದೆ. ಅಷ್ಟೇ ವ್ಯಾಟಿನ ಹೀಟರ್ 120 ವೋಲ್ಟ್ ಇರುವ ಕಡೆ 5 ಆಂಪಿಯರ್. ನೋಡಲು ದೊಡ್ಡ ಲೆಕ್ಕ ಅಲ್ಲ. ಆದರೆ ಸಡಿಲ ಪಿನ್ನಿನ ಮೂಲಕ ಹತ್ತು ಗಂಟೆ ಬಿಡದೆ ಹರಿದರೆ ಆ ಒಂದು ಚುಕ್ಕೆ ಕಾಯುತ್ತಲೇ ಹೋಗುತ್ತದೆ. ಹೊರಗಡೆಗೆಂದೇ ಮಾಡಿದ, ಚಳಿಯಲ್ಲೂ ಬಾಗುವ ದಪ್ಪ ವೈರು ಬೇಕು. ಸುರುಳಿ ಪೂರ್ತಿ ಬಿಚ್ಚಿ ಹಾಕಬೇಕು, ಸುತ್ತಿದ್ದರೆ ಒಳಗಿನ ಬಿಸಿ ಹೊರಹೋಗುವುದಿಲ್ಲ. ಎರಡು ವೈರು ಸೇರುವ ಜಾಗ ಹಿಮದ ಮೇಲೆ ಬೀಳಬಾರದು. ಹಾಕಿ ಅರ್ಧ ಗಂಟೆ ಬಿಟ್ಟು ಸ್ವಿಚ್ ಆಫ್ ಮಾಡಿ ಪ್ಲಗ್ ಮುಟ್ಟಿ ನೋಡಿ. ಬಿಸಿ ಅನ್ನಿಸಿದರೆ ಆ ಪ್ಲಗ್ ಬದಲಿಸಿ.

ಕಾರಿನ ಹೀಟರ್ ಚೆನ್ನಾಗಿಯೇ ಇತ್ತು. ಓಮ್ ಅಳೆದೆವು, ಕಾರಿನ ಲೋಹದ ಮೈಗೆ ಕರೆಂಟ್ ಸೋರಿಕೆ ಇಲ್ಲ. ಸಾಕೆಟ್ ಮತ್ತು ಅದರ ವೈರು ಮಾತ್ರ ಹೊಸದು ಹಾಕಿದೆವು. ಕೂಲಂಟ್ ಮಟ್ಟವನ್ನೂ ನೋಡಿದೆವು. ಕೂಲಂಟ್ ಇಳಿದು ಕಾಯಿಲ್ ಗಾಳಿಗೆ ಬಂದರೆ ಅದು ಸುಟ್ಟುಹೋಗುತ್ತದೆ. ಕೂಲಂಟ್ ಬದಲಿಸಿದ ಮೇಲೆ ಒಮ್ಮೆ ಎಂಜಿನ್ ಓಡಿಸಿ ಗಾಳಿ ತೆಗೆಯದೆ ಹೀಟರ್ ಹಾಕಬಾರದು ಅನ್ನುವುದೂ ಇದೇ ಕಾರಣಕ್ಕೆ. ಕೂಲಂಟನ್ನು ಗಟ್ಟಿಯಾಗಿ ಹಾಕಿದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಇದೆ. ಅದು ಸರಿಯಲ್ಲ. ಕೂಲಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲಿಗೆ ನೀರು ಸಮಸಮ ಬೆರೆಸಿದರೆ ಅದು ಮೈನಸ್ 37ರ ಹತ್ತಿರದವರೆಗೆ ಹೆಪ್ಪುಗಟ್ಟುವುದಿಲ್ಲ. ನೀರೇ ಬೆರೆಸದ ಗ್ಲೈಕಾಲ್ ಮೈನಸ್ 13ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ.

ಪಿ ಮತ್ತು ಹ್ಯಾಂಡ್ ಬ್ರೇಕ್

ಲಿವರ್ 'ಧಡ್' ಅಂದದ್ದು ಯಾಕೆ? ಪಿಯಲ್ಲಿ ಗಾಡಿಯನ್ನು ಹಿಡಿಯುವುದು ಬೆರಳಿನ ಗಾತ್ರದ ಒಂದು ಉಕ್ಕಿನ ಕೊಕ್ಕೆ. ಅದು ಒಂದು ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಂಡಿರುತ್ತದೆ. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಇಲ್ಲದೆ ನಿಲ್ಲಿಸಿದರೆ ಗಾಡಿಯ ಭಾರವೆಲ್ಲ ಆ ಕೊಕ್ಕೆಯ ಮೇಲೆ. ಬೆಳಗ್ಗೆ ಅದನ್ನು ಬಲವಂತವಾಗಿ ಬಿಡಿಸಬೇಕಾಗುತ್ತದೆ. ಸರಿಯಾದ ಕ್ರಮ ಹೀಗೆ: ಬ್ರೇಕ್ ಒತ್ತಿಕೊಂಡೇ ಮೊದಲು ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯ ಭಾರ ಅದರ ಮೇಲೆ ಕೂತ ನಂತರ ಪಿಗೆ ಹಾಕುವುದು.

ಆದರೆ ಅವರ ಕಷ್ಟವೂ ನಿಜ. ಒದ್ದೆಯಾದ ಬ್ರೇಕ್ ಮತ್ತು ಕೇಬಲ್ ಚಳಿಗೆ ಕಚ್ಚಿಕೊಳ್ಳುತ್ತವೆ. ಅತಿ ಚಳಿಯಲ್ಲಿ ಹ್ಯಾಂಡ್ ಬ್ರೇಕ್ ಬೇಡ ಅಂತ ಕೆಲವು ಗಾಡಿಗಳ ಕೈಪಿಡಿಯೇ ಹೇಳುತ್ತದೆ. ಆಗ ಸಮತಟ್ಟಾದ ಜಾಗದಲ್ಲಿ ಪಿಗೆ ಹಾಕಿ, ಗಾಲಿಗೆ ಅಡ್ಡ ಕಲ್ಲೋ ಮರದ ತುಂಡೋ ಕೊಡಬೇಕು. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕೂ ಇಲ್ಲ, ಅಡ್ಡ ಕಲ್ಲೂ ಇಲ್ಲ ಅಂದರೆ ಅದು ಅಪಾಯ. ಎಂಜಿನ್ ಓಡುತ್ತಿರುವಾಗ ಇಳಿದು ಗಾಜು ಕೆರೆಯುವವರಂತೂ ಇದನ್ನು ಮರೆಯಲೇಬಾರದು. ಲಿವರ್ ಪಿಗೆ ಪೂರ್ತಿ ಕೂರದೆ ಪಿ ಮತ್ತು ಆರ್ ನಡುವೆ ನಿಂತಿದ್ದರೆ, ಸ್ವಲ್ಪ ಹೊತ್ತಾದ ಮೇಲೆ ಗಾಡಿ ತಾನೇ ಹಿಂದಕ್ಕೆ ಹೊರಡಬಹುದು. ಇದೇ ತೊಂದರೆಗೆ 1980ರಲ್ಲಿ ಅಮೆರಿಕದ ಒಂದು ದೊಡ್ಡ ಕಂಪನಿ ಎರಡು ಕೋಟಿಗೂ ಹೆಚ್ಚು ಗಾಡಿಗಳಿಗೆ ಎಚ್ಚರಿಕೆಯ ಚೀಟಿ ಕಳಿಸಲು ಒಪ್ಪಬೇಕಾಯಿತು. ಲಿವರ್ ಪಿಗೆ ಬಂತು ಅಂತ ಕೈಗೆ ಅನ್ನಿಸಿದರೆ ಸಾಲದು, ಮೀಟರಿನಲ್ಲಿ ಅಕ್ಷರ ನೋಡಿ.

ಮೂರು ಬೆಳಗಿನ ಅಳತೆ

ಗಾಡಿ ಕೊಡುವ ಮುಂಚೆ ಮೂರು ದಿನ ರಾತ್ರಿ ಹೊರಗೆ ನಿಲ್ಲಿಸಿ ನೋಡಿದೆ. ಸ್ಕ್ಯಾನರಿನಲ್ಲಿ ಕೂಲಂಟಿನ ಬಿಸಿ, ಗೇರ್ ಆಯಿಲಿನ ಬಿಸಿ ಎರಡನ್ನೂ ಬರೆದುಕೊಂಡೆ. ಮೂರೂ ದಿನ ಬೆಳಗ್ಗೆ ಮೈನಸ್ 20ರ ಹತ್ತಿರ ಇತ್ತು.

ಮೊದಲ ದಿನ ಹೀಟರ್ ಹತ್ತು ಗಂಟೆ ಓಡಿತು. ಕೂಲಂಟ್ 11 ಡಿಗ್ರಿ, ಗೇರ್ ಆಯಿಲ್ ಮೈನಸ್ 16. ಎರಡನೇ ದಿನ ಟೈಮರ್ ಇಟ್ಟು ಮೂರೇ ಗಂಟೆ. ಕೂಲಂಟ್ 8 ಡಿಗ್ರಿ, ಗೇರ್ ಆಯಿಲ್ ಮೈನಸ್ 17. ಏಳು ಗಂಟೆ ಹೆಚ್ಚು ಓಡಿಸಿದ್ದಕ್ಕೆ ಸಿಕ್ಕಿದ್ದು ಮೂರು ಡಿಗ್ರಿ. ಹತ್ತು ಗಂಟೆಗೆ 6 ಯೂನಿಟ್ ಕರೆಂಟ್, ಮೂರು ಗಂಟೆಗೆ 1.8 ಯೂನಿಟ್. ಎರಡರಿಂದ ನಾಲ್ಕು ಗಂಟೆಯಲ್ಲಿ ಬ್ಲಾಕ್ ಏರಬೇಕಾದಷ್ಟು ಬಿಸಿ ಏರಿಬಿಡುತ್ತದೆ. ಆಮೇಲೆ ಹೀಟರ್ ಕೊಡುವ ಬಿಸಿ, ಹೊರಗೆ ಹೋಗುವ ಬಿಸಿ ಸರಿಸಮ. ವೈರು ಕಾಯುವುದು ಮಾತ್ರ ಮುಂದುವರಿಯುತ್ತದೆ.

ಮೂರನೇ ದಿನ ಹತ್ತು ನಿಮಿಷ ನಿಂತಲ್ಲೇ ಎಂಜಿನ್ ಓಡಿಸಿದೆ. ಗೇರ್ ಆಯಿಲ್ ಮೈನಸ್ 17ರಿಂದ ಮೈನಸ್ 11ಕ್ಕೆ ಬಂತು, ಅಷ್ಟೇ. ಆಮೇಲೆ ಹತ್ತು ನಿಮಿಷ ನಿಧಾನಕ್ಕೆ ಓಡಿಸಿದೆ. 19 ಡಿಗ್ರಿಗೆ ಏರಿತು. ಗೇರ್ ಬಾಕ್ಸನ್ನು ಬಿಸಿ ಮಾಡುವುದು ಓಟವೇ. ಮೆತ್ತಗಿನ ಓಟ. ಬ್ರೇಕ್ ಒತ್ತಿಕೊಂಡು ಡಿಯಲ್ಲಿ ರೇಸ್ ಕೊಟ್ಟು ಬಿಸಿ ಮಾಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಮಂಜುಗಡ್ಡೆಯ ಮೇಲೆ ಟೈರು ಹಿಡಿತ ಬಿಟ್ಟರೆ ಗಾಡಿ ನುಗ್ಗುತ್ತದೆ. ಕನ್ವರ್ಟರಿನೊಳಗಿನ ಆಯಿಲ್ ಮಾತ್ರ ಕಂಡಾಪಟ್ಟೆ ಕಾದು, ಉಳಿದದ್ದು ತಣ್ಣಗೇ ಇರುತ್ತದೆ. ದಯವಿಟ್ಟು ಮಾಡಬೇಡಿ.

ಶೆಡ್ಡಿನೊಳಗೆ ಬಾಗಿಲು ಅರ್ಧ ತೆಗೆದು ಅರ್ಧ ಗಂಟೆ ಓಡಿಸಿದರೆ ಆಗಲ್ವಾ ಅಂತ ಅವರು ಕೇಳಿದರು. ಆಗುವುದಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಾಗಿಲು ತೆಗೆದಿದ್ದರೂ ಒಳಗೆ ತುಂಬುತ್ತದೆ, ಶೆಡ್ಡಿಗೆ ಅಂಟಿದ ಮನೆಯೊಳಗೂ ನುಸುಳುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಗಾಡಿ ಬಯಲಿಗೆ ಬರಬೇಕು. ಹೊರಗೂ ಹೊಗೆ ಕೊಳವೆಯ ಬಾಯಿಗೆ ಹಿಮ ತುಂಬಿಲ್ಲ ಅಂತ ನೋಡಿಕೊಳ್ಳಬೇಕು.

ಗೇರ್ ಬಾಕ್ಸಿಗೂ ಹೀಟರ್ ಸಿಗುತ್ತದಾ ಅನ್ನುವುದು ಅವರ ಕೊನೆಯ ಪ್ರಶ್ನೆ. ಸಿಗುತ್ತದೆ. ತಳದ ಚಟ್ಟಿಗೆ ಅಂಟಿಸುವ ಪ್ಯಾಡ್ ಅದು. ತಿಂಗಳುಗಟ್ಟಲೆ ಮೈನಸ್ 30ರ ಕೆಳಗೆ ಇರುವ ಕಡೆ ಹಾಕಿಸುವುದು ಸರಿ. ಚಟ್ಟಿಯ ಅಳತೆಗೆ ಮೀರಿದ ವ್ಯಾಟಿನ ಪ್ಯಾಡ್ ಹಾಕಿದರೆ ಅಲ್ಲಿನ ಆಯಿಲ್ ಸೀಯುತ್ತದೆ. ಇವರ ಗಾಡಿಗೆ ಅದು ಬೇಡ ಅಂದೆ. ಚಳಿಗಾಲದಲ್ಲಿ ಕೆಲವೇ ದಿನ ಅಷ್ಟು ಕೆಳಗೆ ಹೋಗುತ್ತದೆ. ಆಯಿಲ್ ಸರಿಯಿದ್ದು, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಆ ತಾಳ್ಮೆಯನ್ನು ಅವರ ಜೊತೆ ಕೂತು ಮೂರು ಸಲ ಅಭ್ಯಾಸ ಮಾಡಿಸಿದೆ. ಸ್ಟಾರ್ಟ್ ಮಾಡಿ ಸುಮಾರು ಒಂದು ನಿಮಿಷ ಬಿಡುವುದು. ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಆರ್‌ಗೆ ಹಾಕುವುದು. ಗೇರ್ ಕಚ್ಚಿದಾಗ ಸೀಟಿಗೆ ಒಂದು ಸಣ್ಣ ತಳ್ಳು ಗೊತ್ತಾಗುತ್ತದೆ, ಅದು ಬರುವ ತನಕ ಆಕ್ಸಿಲರೇಟರ್ ಮುಟ್ಟದೆ ಕಾಯುವುದು. ಹೊರಗೆ ಬಂದು ಗಾಡಿ ಪೂರ್ತಿ ನಿಂತ ಮೇಲೆ ಡಿ. ಅಲ್ಲೂ ಅದೇ ತಳ್ಳಿಗೆ ಕಾಯುವುದು. ಮೊದಲ ಹತ್ತು ನಿಮಿಷ ಕಾಲು ಹಗುರ. ಗೇರ್ ತಡವಾಗಿ ಬಿದ್ದರೆ ಬೀಳಲಿ.

ವೈರಿಗೂ ಒಂದು ಅಭ್ಯಾಸ ಹೇಳಿಕೊಟ್ಟೆ. ಹಾಕುವಾಗ ಮೊದಲು ಕಾರಿಗೆ, ಆಮೇಲೆ ಗೋಡೆಗೆ. ತೆಗೆಯುವಾಗ ಮೊದಲು ಗೋಡೆಯಿಂದ. ವೈರನ್ನು ಡ್ರೈವರ್ ಕಡೆ ಕನ್ನಡಿಯ ಮೇಲಿಂದ ಹಾಯಿಸಿ ಬಂಪರಿಗೆ ತರುವುದು. ಆಗ ಅದನ್ನು ಸರಿಸದೆ ಬಾಗಿಲು ತೆಗೆಯಲು ಆಗುವುದಿಲ್ಲ.

ಎರಡು ವಾರದ ನಂತರ ಸೀಲ್ ನೋಡಲು ಗಾಡಿ ಕರೆಸಿದೆ. ಒಣಗಿತ್ತು. ಆಯಿಲ್ ಮಟ್ಟ ಸರಿಯಾಗಿತ್ತು. ಹೊಸ ಕೋಡ್ ಏನೂ ಇರಲಿಲ್ಲ. ಹೊರಡುವಾಗ ಅವರು ಆರ್‌ಗೆ ಹಾಕಿ, ಸುಮ್ಮನೆ ಕೂತು, ಮೆತ್ತಗೆ ಅಂದರು: "ಹಾಂ, ಕಚ್ತು." ಆಮೇಲೆ ಬ್ರೇಕ್ ಬಿಟ್ಟರು.